ಒಂಬತ್ತು ಕಡ್ಡಿ

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದವಳು ನಾನು. ನನ್ನ ತರಗತಿಯಲ್ಲಿ ಯಾರೂ ಫೇಲಾಗಿಲ್ಲ ಎಂದು ಜಂಬ ಕೊಚ್ಚುವುದಿಲ್ಲ. ಆದರೆ ಸುಮ್ಮನೆ ಕೈಕಟ್ಟಿ ಕೂತು ಫೇಲಾಗಲು ಬಿಟ್ಟವಳಲ್ಲ. ಲೆಕ್ಕ ತಲೆಗೆ ಹತ್ತದ ಮಕ್ಕಳನ್ನು ಶಾಲೆ ಬಿಟ್ಟ ಮೇಲೂ ಕೂರಿಸಿಕೊಂಡು, ಅವರು ಅಳುವವರೆಗೆ, ಕೆಲವು ಸಲ ನಾನೇ ಅಳುವವರೆಗೆ ತಿದ್ದಿದ್ದೇನೆ. ಹಾಗಾಗಿ ಆಸ್ಪತ್ರೆಯಲ್ಲಿ ನನ್ನ ಸೊಸೆಗೆ ಪರೀಕ್ಷೆ ಇದೆ ಅಂದಾಗ ನನಗೆ ಗೊತ್ತಿದ್ದದ್ದು ಒಂದೇ ದಾರಿ. ಆ ದಾರಿ ಹಿಡಿದು ನಾನು ಮಾಡಿದ ಅನಾಹುತವನ್ನು ನಾನೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ನನಗೆ ಇನ್ನೂ ಉರಿಯುತ್ತದೆ.

ನಮ್ಮದು ನಾಲ್ಕು ಜನರ ಮನೆ. ನನ್ನ ಮಗ ಬಡಗಿ, ಬೀರು ಬಾಗಿಲು ಮಾಡುತ್ತಾನೆ. ಊಟಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಹೆಚ್ಚು ಬಾಯಿ ತೆರೆಯುವ ಪೈಕಿ ಅಲ್ಲ. ಸೊಸೆ ದರ್ಜಿ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವಳ ಅಂಗಡಿ: ಒಂದು ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ನಿಲುವುಗನ್ನಡಿ, ಗೋಡೆಯುದ್ದಕ್ಕೂ ನೇತುಹಾಕಿದ ಕೋಟುಗಳು. ಗುಂಡಿ ತೂರಿಸಲು ಅವಳು ಕೈಯಲ್ಲಿ ಹಾಕುವ ಕಾಜಾ ನೋಡಲೆಂದೇ ಬೇರೆ ದರ್ಜಿಗಳು ಗಿರಾಕಿಗಳ ಹಾಗೆ ನಟಿಸಿ ಬರುತ್ತಿದ್ದರು. ಹದಿನೈದರ ಮೊಮ್ಮಗಳಿಗೆ ನಾನಿಟ್ಟ ಹೆಸರು ವಕೀಲೆ. ಲೋಟ ತೊಳೆ ಅಂದರೂ ಯಾಕೆ, ಯಾವಾಗ, ಯಾರು ಕುಡಿದದ್ದು ಎಂದು ವಿಚಾರಣೆ ನಡೆಸುವವಳು ಅವಳು.

ಎರಡು ವರ್ಷದ ಹಿಂದೆ ಸೊಸೆಯ ಎಡಗಣ್ಣು ಮಂಜಾಯಿತು. ಅದು ಸರಿಹೋಗುವಷ್ಟರಲ್ಲಿ ಬಲಗಾಲು ನೆಲಕ್ಕೆ ಎಳೆಯತೊಡಗಿತು. ಆಮೇಲೆ ಬೆರಳುಗಳು. ಮೆದುಳಿನ ಸ್ಕ್ಯಾನ್ ತೆಗೆಸಿದಾಗ ದೊಡ್ಡ ಡಾಕ್ಟರು ಪರದೆಯ ಮೇಲೆ ಬಿಳಿ ಕಲೆಗಳನ್ನು ತೋರಿಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್, ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ, ಅದಕ್ಕೇ ಮೆದುಳು ಹೇಳಿದ್ದು ಕೈಕಾಲಿಗೆ ಸರಿಯಾಗಿ ತಲುಪುತ್ತಿಲ್ಲ ಎಂದು ವಿವರಿಸಿದರು. ಸೊಸೆ, "ದಾರದ ಮೇಲಿನ ಮೇಣ ಹೋಗಿದೆ ಅನ್ನಿ. ದಾರ ಇನ್ನೂ ತುಂಡಾಗಿಲ್ಲವಲ್ಲ," ಅಂದಳು. ಡಾಕ್ಟರಮ್ಮ ಅವಳನ್ನೇ ನೋಡಿ, "ಎಲ್ಲ ಕಡೆ ಆಗಿಲ್ಲ," ಎಂದರು.

ಆ ಡಾಕ್ಟರೇ ಸಂಶೋಧನೆಯ ವಿಷಯ ಹೇಳಿದ್ದು. ನಿಧಾನವಾಗಿ ಏರುತ್ತಾ ಹೋಗುವ ಈ ಬಗೆಯ ಕಾಯಿಲೆಗೆ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುತ್ತಿದ್ದರು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಮೂರು ತಿಂಗಳಿಗೊಮ್ಮೆ ಸ್ಕ್ಯಾನು, ನಡಿಗೆ, ಕೈ ಪರೀಕ್ಷೆ. ಇಪ್ಪತ್ತೆರಡು ಪುಟದ ಒಪ್ಪಿಗೆ ಪತ್ರ ಕೊಟ್ಟರು. ಸೊಸೆ ಸಹಿ ಹಾಕಿದಳು. ಓದಿದ್ದೇವೆ ಎಂದು ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ನಿಜ ಹೇಳಬೇಕೆಂದರೆ ಮೊದಲಿನ ನಾಲ್ಕು ಪುಟ ಓದಿ ಉಳಿದದ್ದು ಮಗುಚಿದೆ.

ಮೊದಲ ಪರೀಕ್ಷೆಯ ದಿನ ಗಾಜಿನ ಬಾಗಿಲಾಚೆ ನಿಂತು ನೋಡಿದೆ. ಒಂಬತ್ತು ತೂತಿನ ಒಂದು ಹಲಗೆ, ಪಕ್ಕದ ಬಟ್ಟಲಲ್ಲಿ ಒಂಬತ್ತು ಕಡ್ಡಿ. ಒಂದೊಂದಾಗಿ ತೆಗೆದು ತೂತಿಗೆ ಸಿಕ್ಕಿಸಬೇಕು, ಮತ್ತೆ ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಬೇಕು. ಎದುರಿಗೆ ಒಬ್ಬ ಡಾಕ್ಟರು ಸ್ಟಾಪ್‌ವಾಚ್ ಗಡಿಯಾರ ಒತ್ತಿ ಕೂತಿದ್ದರು. ನಾನೂ ನನ್ನ ಕೈಗಡಿಯಾರ ನೋಡಿ ಎಣಿಸಿದೆ, ಸೊಸೆಗೆ ಇಪ್ಪತ್ನಾಲ್ಕು ಸೆಕೆಂಡು ಹಿಡಿಯಿತು. ಹೊರಬಂದ ಡಾಕ್ಟರನ್ನು ನಾನು ತಡೆದು, "ಹೇಗೆ ಮಾಡಿದಳು?" ಎಂದು ಕೇಳಿದೆ. ಅವರು ತಲೆಯಾಡಿಸಿ, "ನಾನು ಏನೂ ಹೇಳೋ ಹಾಗಿಲ್ಲಮ್ಮ. ಅಳೆಯೋದಷ್ಟೇ ನನ್ನ ಕೆಲಸ," ಎಂದು ಹೊರಟುಹೋದರು. ಅವತ್ತಿನಿಂದ ಅವರು ನಮ್ಮನೆಯಲ್ಲಿ ಮೌನಿ ಡಾಕ್ಟರು.

ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ಮಾಡಿ, "ಎರಡು ಕಡ್ಡಿ ಬೀಳಿಸಿದೆ ಅತ್ತೆ. ಫೇಲ್ ಆದೆ ಅನ್ಸತ್ತೆ," ಅಂದಳು.

"ನಮ್ಮನೇಲಿ ಫೇಲ್ ಆಗೋರು ಯಾರೂ ಇಲ್ಲ," ಅಂದೆ. "ಆ ಹಲಗೆ ಎಷ್ಟುದ್ದ ಇತ್ತು?"

ಅವಳ ಕಣ್ಣು ದರ್ಜಿಯ ಕಣ್ಣು. ಹಲಗೆಯ ಉದ್ದ, ಅಗಲ, ತೂತಿನಿಂದ ತೂತಿಗೆ ಇರುವ ಅಂತರ, ಕಡ್ಡಿಯ ದಪ್ಪ ಎಲ್ಲವನ್ನೂ ಬಸ್ಸು ಇಳಿಯುವಷ್ಟರಲ್ಲಿ ಹೇಳಿದಳು. ಮಗ ಮಾರನೆಯ ದಿನವೇ ಒಂದು ತುಂಡು ಬೀಟೆ ಮರ ಹಿಡಿದು ಕೂತ. ನಯವಾಗಿ ಉಜ್ಜಿ, ಮೂಲೆ ಗುಂಡಗೆ ಮಾಡಿ, ಒಂಬತ್ತು ಕಡ್ಡಿಗೂ ಪಾಲಿಶ್ ಹೊಡೆದು ತಂದಿಟ್ಟ. ಅವನು ಹೆಂಡತಿಗೆ ಅಷ್ಟು ಅಂದದ ವಸ್ತು ಮಾಡಿಕೊಟ್ಟದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ತಿಂಡಿಗೆ ಮೊದಲು ಹತ್ತು ಸಲ, ಸಂಜೆ ತರಕಾರಿ ಹೆಚ್ಚುವ ಮೊದಲು ಹತ್ತು ಸಲ. ಕೈಯಲ್ಲಿ ಶಾಲೆಯ ಕಾಲದ ನನ್ನ ಹಳೆಯ ಸ್ಟಾಪ್‌ವಾಚ್ ಗಡಿಯಾರ. "ಹೆಬ್ಬೆರಳು ಬಗ್ಗಿಸಬೇಡ. ಮೊದಲು ದೂರದ ತೂತು, ಆಮೇಲೆ ಹತ್ತಿರದ್ದು. ಕಡ್ಡಿ ನೋಡಬೇಡ, ತೂತು ನೋಡು." ಮೊದಲ ವಾರ ಇಪ್ಪತ್ಮೂರು. ಮೂರನೆಯ ವಾರ ಇಪ್ಪತ್ತೊಂದು. ಆರನೆಯ ವಾರದಲ್ಲಿ ಒಂದು ದಿನ ಹತ್ತೊಂಬತ್ತಕ್ಕೆ ಮುಗಿಸಿದಾಗ ನಾನು ಅವಳ ಬೆನ್ನು ತಟ್ಟಿ ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸಿದೆ.

ಅದೇ ವಾರ ಅವಳ ಕೈಯಿಂದ ಅನ್ನದ ಪಾತ್ರೆ ಜಾರಿತು. ನೆಲದ ತುಂಬ ಅನ್ನ.

"ಪಾತ್ರೆ ಬಿಸಿ ಇತ್ತು," ಅಂದಳು ಸೊಸೆ.

"ಹೋದ ವಾರ ನೀರಿನ ಜಗ್ ಬಿತ್ತು. ಅದೂ ಬಿಸಿ ಇತ್ತಾ ಅಮ್ಮ?" ಅಂದಳು ವಕೀಲೆ.

"ಬಾಯಿ ಮುಚ್ಚಿಕೊಂಡು ಪೊರಕೆ ತಗೊಂಡು ಬಾ," ಅಂದೆ ನಾನು.

ಪೊರಕೆ ತಂದಳು, ಬಾಯಿ ಮುಚ್ಚಲಿಲ್ಲ. "ಅಜ್ಜಿ, ಕಡ್ಡಿ ಬೇಗ ಹಾಕ್ತಾಳೆ ಸರಿ. ಅಂಗಿ ಗುಂಡಿ ಹಾಕ್ಕೊಳ್ಳೋಕೆ ನನ್ನನ್ನ ಕರೀತಾಳಲ್ಲ, ಅದು ಯಾಕೆ?"

ನನಗೆ ಅದು ಗೊತ್ತಿರಲಿಲ್ಲ. ಸೊಸೆಯ ಮುಖ ನೋಡಿದೆ. ಅವಳು ಬಗ್ಗಿ ಅನ್ನ ಬಾಚುತ್ತಿದ್ದಳು. ಗೊತ್ತಾದ ಮೇಲೂ ನಾನು ಮಾಡಿದ್ದೇನು? ಸಂಜೆಯ ಹತ್ತನ್ನು ಹದಿನೈದು ಮಾಡಿದೆ. ಪಾಠ ಸಾಲದು ಅಂದರೆ ಇನ್ನಷ್ಟು ಪಾಠ ಎಂಬುದು ನನ್ನ ಮೂವತ್ತನಾಲ್ಕು ವರ್ಷದ ಬುದ್ಧಿ.

ಹನ್ನೆರಡನೆಯ ವಾರ ಆಸ್ಪತ್ರೆಯಲ್ಲಿ ಮತ್ತೆ ಅಳತೆಯಾಯಿತು. ಸ್ಕ್ಯಾನಿನ ಕೊಳವೆಯೊಳಗೆ ಮುಕ್ಕಾಲು ಗಂಟೆ ಮಲಗಿ ಎದ್ದುಬಂದ ಮೇಲೆ ಕೂಡ ಸೊಸೆ ಕಡ್ಡಿಯ ಮುಂದೆ ಕೂತು ಹದಿನೆಂಟು ಸೆಕೆಂಡಿಗೆ ಮುಗಿಸಿದಳು. ಮೌನಿ ಡಾಕ್ಟರ ಹುಬ್ಬು ಮೇಲೇರಿದ್ದನ್ನು ಗಾಜಿನಾಚೆಯಿಂದ ನಾನೇ ಕಂಡೆ. ನನ್ನ ಎದೆ ಉಬ್ಬಿಹೋಯಿತು.

ಮುಂದಿನ ವಾರ ದೊಡ್ಡ ಡಾಕ್ಟರು ಕರೆಸಿದರು. ಪರದೆಯ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟಿದ್ದರು. "ಇದು ಆಗಿನದು, ಇದು ಈಗಿನದು. ಇಲ್ಲಿ ಒಂದು ಹೊಸ ಕಲೆ, ಇಲ್ಲೊಂದು. ಈ ಹಳೇದು ಸ್ವಲ್ಪ ದೊಡ್ಡದಾಗಿದೆ," ಎಂದರು. "ಆದರೆ ಕೈ ಮಾತ್ರ ಮೊದಲಿಗಿಂತ ಚುರುಕಾಗಿದೆ. ಹೀಗಾಗೋದು ಅಪರೂಪ. ಕೈ ಚೆನ್ನಾಗಿರೋವರೆಗೂ ಇದೇ ಮಾತ್ರೆ ಮುಂದುವರಿಸೋಣ."

ಸೊಸೆ ಏನೋ ಹೇಳಲು ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ತೊಡೆ ಒತ್ತಿದೆ. ಒಳ್ಳೆಯ ಅಂಕ ಬಂದಾಗ ಮೇಷ್ಟರ ಹತ್ತಿರ ಹೆಚ್ಚು ಮಾತು ಬೇಡ ಎಂಬುದು ಆಗ ನನ್ನ ತಲೆಯಲ್ಲಿದ್ದ ಮಾತು. ನೆನೆಸಿಕೊಂಡರೆ ಈಗಲೂ ನನ್ನ ಕೈಗೆ ನಾನೇ ಬೆತ್ತದಿಂದ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಎರಡು ದಿನ ಕಳೆದು ಬಸ್ ಕಂಡಕ್ಟರೊಬ್ಬ ಸಮವಸ್ತ್ರದ ಕೋಟು ಹಿಡಿದು ವಾಪಸ್ ಬಂದ. ಹತ್ತು ವರ್ಷದ ಗಿರಾಕಿ, ಬೇಜಾರು ಮಾಡುವ ಮನುಷ್ಯನಲ್ಲ. "ಅಕ್ಕ, ಗುಂಡಿ ಒಂದು ಮೇಲೆ ಒಂದು ಕೆಳಗೆ ಕೂತಿದೆ. ಹಾಕ್ಕೊಂಡ್ರೆ ನಾನು ಕುಡಿದು ಬಂದವನ ಹಾಗೆ ಕಾಣ್ತೀನಿ," ಎಂದು ನಕ್ಕ. ಸೊಸೆಯೂ ನಕ್ಕಳು. ಅವನು ಹೋದ ಮೇಲೆ ಕೋಟನ್ನು ಮೇಜಿನ ಮೇಲೆ ಹರಡಿ ಗುಂಡಿಗಳನ್ನು ಕಿತ್ತಳು. ಮತ್ತೆ ಹಾಕಲು ಸೂಜಿಗೆ ದಾರ ಪೋಣಿಸಬೇಕಲ್ಲ, ಅಲ್ಲಿಗೆ ನಿಂತಿತು. ಊಟಕ್ಕೆ ಕರೆಯಲು ಹೋದಾಗಲೂ ಅದೇ ಸೂಜಿ, ಅದೇ ದಾರ.

ಆವತ್ತು ಎಲ್ಲರೂ ಊಟಕ್ಕೆ ಕೂತೆವು. ಮಗ ತಟ್ಟೆ ನೋಡುತ್ತಲೇ, "ಅಂಗಡಿ ಮುಚ್ಚಿಬಿಡು. ನಾನೊಬ್ಬ ದುಡಿದ್ರೆ ಸಾಕಾಗಲ್ವಾ?" ಅಂದ.

"ನಿನ್ನ ಕೈಗೆ ಹೀಗಾಗಿದ್ರೆ ನೀನು ಉಳಿ ಕೆಳಗಿಡ್ತಿದ್ಯಾ?"

"ನನ್ನ ಮಾತು ಬೇರೆ."

"ಏನು ಬೇರೆ? ಹೇಳು, ಕೇಳ್ತೀನಿ." ಅವನು ತಟ್ಟೆಯ ಅನ್ನ ಕಲಸಿದ. "ಅಂಗಡಿ ಮುಚ್ಚಲ್ಲ. ಕೈಲಿ ಆಗದಿದ್ರೆ ಹಲ್ಲಲ್ಲಿ ಹೊಲೀತೀನಿ," ಅಂದಳು ಅವಳು.

ಆಗ ವಕೀಲೆ ಊಟದ ನಡುವೆ ಎದ್ದುಹೋಗಿ ಆ ಇಪ್ಪತ್ತೆರಡು ಪುಟ ತಂದಳು. ಕೈ ಕೂಡ ತೊಳೆದಿರಲಿಲ್ಲ. "ಹದಿನಾಲ್ಕನೇ ಪುಟ," ಎಂದು ಕೋರ್ಟಿನಲ್ಲಿ ನಿಂತವಳಂತೆ ಓದಿದಳು. ಕೈ ಪರೀಕ್ಷೆಯ ಸಮಯ ಮೊದಲ ಅಳತೆಗಿಂತ ಐದರಲ್ಲೊಂದು ಪಾಲು ಹೆಚ್ಚಾದರೆ, ಸ್ಕ್ಯಾನಿನಲ್ಲೂ ಹೊಸ ಕಲೆ ಕಂಡರೆ, ಆ ವ್ಯಕ್ತಿಗೆ ಗುಟ್ಟಿನ ಮಾತ್ರೆ ನಿಲ್ಲಿಸಿ ನಿಜವಾದ ಮಾತ್ರೆಯನ್ನೇ ಕೊಡಲಾಗುವುದು.

ಲೆಕ್ಕದ ಟೀಚರು ನಾನು, ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಐದರಲ್ಲೊಂದು ಪಾಲು ಸೇರಿಸಿದರೆ ಇಪ್ಪತ್ತೊಂಬತ್ತರ ಹತ್ತಿರ. ಕಾಯಿಲೆ ಅವಳನ್ನು ಆ ಕಡೆಗೆ ಎಳೆಯುತ್ತಿತ್ತು, ನಾನು ದಿನಕ್ಕೆ ಇಪ್ಪತ್ತೈದು ಸಲ ಈ ಕಡೆಗೆ ಎಳೆದು ಹದಿನೆಂಟಕ್ಕೆ ತಂದು ನಿಲ್ಲಿಸಿದ್ದೆ. ಔಷಧಿಯ ಬಾಗಿಲು ತೆರೆಯುವ ಹೊತ್ತಿಗೆ ಅದನ್ನು ಒಳಗಿನಿಂದ ಒತ್ತಿ ಹಿಡಿದಿದ್ದವಳು ನಾನೇ. ಪ್ರಶ್ನೆ ಪೂರ್ತಿ ಓದಿ, ಆಮೇಲೆ ಉತ್ತರ ಬರೆಯಿರಿ ಎಂದು ಸಾವಿರ ಮಕ್ಕಳಿಗೆ ಬೈದವಳು, ಓದದೆ ಸಹಿ ಹಾಕಿದ್ದೆ.

"ತಪ್ಪು ನನ್ನದು," ಅಂದೆ.

"ನಾನು ಹಲಗೆ ಮಾಡಿಕೊಟ್ಟೆ," ಅಂದ ಮಗ. ಆಮೇಲೆ, "ಅಲ್ಲಿ ಹೇಳೋದು ಬೇಡ. ಮೋಸ ಮಾಡಿದ್ದಾರೆ ಅಂತ ಹೊರಗೆ ಹಾಕ್ತಾರೆ. ಆ ಸ್ಕ್ಯಾನೂ ಇಲ್ಲ, ಡಾಕ್ಟರೂ ಇಲ್ಲ, ಏನೂ ಇರಲ್ಲ."

"ಹೇಳದಿದ್ರೆ ಅಮ್ಮನಿಗೆ ಹಿಟ್ಟಿನ ಮಾತ್ರೆ ತಿನ್ನಿಸ್ತಾ ಇರಿ," ಅಂದಳು ವಕೀಲೆ.

"ನಿಜವಾದ ಮಾತ್ರೆನೇ ಆಗಿದ್ರೆ?"

"ಆಗಿದ್ರೆ ಅದು ಕೆಲಸ ಮಾಡ್ತಿಲ್ಲ ಅಂತ ಅವರಿಗೆ ಗೊತ್ತಾಗಬೇಕು ತಾನೇ ಅಪ್ಪ? ಅದಕ್ಕೇ ಅಲ್ವಾ ಸಂಶೋಧನೆ?"

ಸೊಸೆ ಎಡಗೈಯಿಂದ ಬಲಗೈಯ ಬೆರಳು ಹಿಡಿದುಕೊಂಡು ಕೂತಿದ್ದಳು. "ನಾಳೆ ಹೋಗ್ತೀನಿ. ನಾನೇ ಹೇಳ್ತೀನಿ. ಅತ್ತೆ, ಹಲಗೆ ಚೀಲಕ್ಕೆ ಹಾಕಿಡಿ," ಅಂದಳು.

ದೊಡ್ಡ ಡಾಕ್ಟರ ಮೇಜಿನ ಮೇಲೆ ಮಗ ಮಾಡಿದ ಹಲಗೆ ಇಟ್ಟಾಗ ಅವರಿಗೆ ಮೊದಲು ಅರ್ಥವಾಗಲಿಲ್ಲ. ತಮ್ಮ ಹಲಗೆಗಿಂತ ಚೆನ್ನಾಗಿದೆ ಎಂಬಂತೆ ಕೈಯಾಡಿಸಿದರು. ಸೊಸೆ ಎಲ್ಲವನ್ನೂ ಹೇಳಿದಳು. ನನ್ನ ಹೆಸರು ಎತ್ತದೆ, "ನಾವು ಪರೀಕ್ಷೆ ಅಂದ್ಕೊಂಡ್ವಿ, ಓದಿಕೊಂಡು ಬಂದ್ವಿ," ಅಂದಳು. ಪಕ್ಕದಲ್ಲಿ ನಿಂತ ನರ್ಸಮ್ಮ ಹಣೆ ಹಿಡಿದುಕೊಂಡರು. "ನೀವು ಕೊಟ್ಟ ಅಂಕಿ ಎಲ್ಲಾ ಹಾಳು. ನಿಯಮದ ಪ್ರಕಾರ ನಿಮ್ಮನ್ನ ಬಿಡಬೇಕಾಗಬಹುದು," ಅಂದರು.

"ಬಿಡಿ," ಅಂದಳು ಸೊಸೆ. "ಆದ್ರೆ ಅದಕ್ಕೆ ಮೊದಲು ಒಂದು ನೋಡಿ." ಚೀಲದಿಂದ ಸೂಜಿ, ಬಿಳಿ ದಾರ ತೆಗೆದಳು. "ಡಾಕ್ಟರೇ, ನಿಮ್ಮ ಕೋಟಿನ ಎರಡನೇ ಗುಂಡಿ ನೇತಾಡ್ತಿದೆ. ಬಿಚ್ಚಿ ಕೊಡಿ."

ಅವರು ಕೊಟ್ಟರು. ಸೊಸೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಹಿಡಿದಳು. ತಪ್ಪಿತು. ಮತ್ತೆ ಹಿಡಿದಳು. ನನ್ನ ಗಡಿಯಾರ ಕೈಯಲ್ಲೇ ಇತ್ತು, ಬೇಡವೆಂದರೂ ಕಣ್ಣು ಅದರ ಮೇಲೆ ಹೋಗುತ್ತಿತ್ತು. ಒಂದು ನಿಮಿಷ. ಎರಡು. ದಾರ ಸೂಜಿಯ ಎಡಕ್ಕೆ, ಬಲಕ್ಕೆ. ಇಸಿದುಕೊಂಡು ನಾನೇ ಪೋಣಿಸಿಬಿಡೋಣ ಎಂದು ಕೈ ಮುಂದೆ ಹೋಯಿತು. "ಮುಟ್ಟಬೇಡಿ ಅತ್ತೆ," ಅಂದಳು, ತಲೆಯೆತ್ತದೆ. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ನಾಲ್ಕು ನಿಮಿಷವಾದ ಮೇಲೆ ಅವಳು ಸೂಜಿಯನ್ನು ಮೇಜಿನ ಮೇಲಿಟ್ಟಳು. ದಾರ ಇನ್ನೂ ಹೊರಗೇ ಇತ್ತು.

"ಇಪ್ಪತ್ತು ವರ್ಷ ಕಣ್ಣು ಮುಚ್ಚಿಕೊಂಡು ಮಾಡಿದ ಕೆಲಸ ಇದು," ಅಂದಳು. "ಒಂಬತ್ತು ಕಡ್ಡಿ ನನ್ನ ಕೈಗೆ ಬಾಯಿಪಾಠ ಆಗಿದೆ. ಅದನ್ನ ನೋಡಿ ನಾನು ಚೆನ್ನಾಗಿದ್ದೀನಿ ಅಂತ ಬರ್ಕೋಬೇಡಿ. ಮೋಸ ಮಾಡೋಕೆ ಬಂದೋರಾಗಿದ್ರೆ ಇವತ್ತು ಬರ್ತಿರಲಿಲ್ಲ. ನನಗೆ ಔಷಧಿ ಬೇಕು. ನಿಮಗೆ ನಿಜ ಬೇಕು. ಇಬ್ಬರೂ ಸೇರಿ ಏನಾದ್ರೂ ಮಾಡೋಣ."

ದೊಡ್ಡ ಡಾಕ್ಟರು ಸಂಶೋಧನೆ ನಡೆಸುವ ಮೇಲಿನವರ ಜೊತೆ ಬಹಳ ಹೊತ್ತು ಫೋನಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಿದರು. ಕೊನೆಗೆ ಬಂದು ಹೇಳಿದ್ದು ಇಷ್ಟು: ಹದಿನೆಂಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದದ್ದನ್ನು ಆದ ಹಾಗೇ ಬರೆದಿಡುತ್ತಾರೆ. ಮೊದಲಿನ ಇಪ್ಪತ್ನಾಲ್ಕು ಇರುತ್ತದೆ, ಯಾಕೆಂದರೆ ಆಗ ಪಾಠ ಆಗಿರಲಿಲ್ಲ. ಇನ್ನು ಹನ್ನೆರಡು ವಾರ ಹಲಗೆ ಮುಟ್ಟುವ ಹಾಗಿಲ್ಲ. ಆಮೇಲೆ ಮತ್ತೆ ಅಳತೆ. ಇಪ್ಪತ್ತೊಂಬತ್ತು ದಾಟಿದರೆ ನಿಜವಾದ ಮಾತ್ರೆ. ದಾಟದಿದ್ದರೆ ಹೀಗೇ.

ಹಲಗೆಯನ್ನು ನರ್ಸಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ನನ್ನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆ ಹನ್ನೆರಡು ವಾರ ನಮ್ಮ ಮನೆಯಲ್ಲಿ ದಿನಾ ಒಂದಲ್ಲ ಒಂದು ಗದ್ದಲ. ಗುಂಡಿ, ಕಾಜಾ ಕೆಲಸ ವಕೀಲೆಗೆ ಬಂತು. ಶಾಲೆಯಿಂದ ಬಂದು ಗೊಣಗುತ್ತಲೇ ಹೊಲಿಯುತ್ತಿದ್ದಳು. "ಇದು ಕಾಜಾನೋ, ಇಲಿ ಕಚ್ಚಿದ ತೂತೋ?" ಎಂದು ಸೊಸೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳು. ಕತ್ತರಿಸುವುದು, ಅಳತೆ, ಗಿರಾಕಿಗಳಿಗೆ ಬುದ್ಧಿ ಹೇಳುವುದು ಅವಳದೇ. ಮಗ ಯಂತ್ರದ ಮೇಜಿಗೆ ಮೊಣಕೈ ಊರಲು ಒಂದು ಪಟ್ಟಿ ಕೂರಿಸಿಕೊಟ್ಟ. ಅಡುಗೆ ಮನೆ ನನ್ನ ಪಾಲಿಗೆ ಬಂತು. ನನ್ನ ಅಡುಗೆಗೆ ಮೂವರೂ ಹೆಸರಿಟ್ಟರು, ಆದರೂ ತಿಂದರು.

ಹನ್ನೊಂದನೆಯ ವಾರ ಬಟಾಣಿ ಸುಲಿಯುತ್ತಾ ಕೂತಿದ್ದಾಗ ನಾನು ಮೆಲ್ಲಗೆ ಅಂದೆ: "ನೋಡು, ಅವತ್ತು ಒಂದೆರಡು ಕಡ್ಡಿ ನಿಧಾನ ಮಾಡು. ಯಾರಿಗೂ ಗೊತ್ತಾಗಲ್ಲ. ಇಪ್ಪತ್ತೊಂಬತ್ತು ದಾಟಿದ್ರೆ ಸಾಕಲ್ವಾ?"

ಅವಳು ಬಟ್ಟಲನ್ನು ಕುಕ್ಕಿದ ರಭಸಕ್ಕೆ ಬಟಾಣಿ ನಾಲ್ಕೂ ಕಡೆ ಹಾರಿತು. ಅತ್ತೆಯೆಂಬ ಮುಲಾಜು ಆವತ್ತು ಇರಲಿಲ್ಲ.

"ಮೊದಲು ಗೆಲ್ಲೋಕೆ ಕಲಿಸಿದ್ರಿ. ಈಗ ಸೋಲೋಕೆ ಕಲಿಸ್ತೀರಾ? ನನ್ನ ಕೈ ನಿಮ್ಮ ಕ್ಲಾಸಿನ ಹುಡುಗಿ ಅಲ್ಲ. ನನ್ನ ಕೈಲಿ ಎಷ್ಟು ಬೇಗ ಆಗತ್ತೋ ಅಷ್ಟು ಬೇಗ ಮಾಡ್ತೀನಿ. ಜೀವ ಬಿಟ್ಟು ಮಾಡ್ತೀನಿ. ಆಮೇಲೂ ಆಗದಿದ್ರೆ, ಅದು ಕಾಯಿಲೆ ಮಾಡಿದ್ದು, ನಾನು ಮಾಡಿದ್ದಲ್ಲ. ಕಾಯಿಲೆಗೆ ನಾನು ಒಂದು ಕಡ್ಡಿನೂ ಪುಕ್ಕಟೆ ಬಿಟ್ಟುಕೊಡಲ್ಲ."

"ಅಂಚಿನಲ್ಲಿ ನಿಂತ್ರೆ? ಇಪ್ಪತ್ತೆಂಟಕ್ಕೆ ನಿಂತ್ರೆ ಏನು ಮಾಡ್ತೀಯ?"

"ಮತ್ತೆ ಮೂರು ತಿಂಗಳು ಕಾಯ್ತೀನಿ."

ನಾನು ನೆಲದಲ್ಲಿ ಕೂತು ಬಟಾಣಿ ಆರಿಸಿದೆ. ಎಪ್ಪತ್ತರ ಹೆಂಗಸಿಗೆ ಮಂಡಿ ಊರಿ ಬಟಾಣಿ ಆರಿಸುವುದು ಸಣ್ಣ ಶಿಕ್ಷೆಯೇನಲ್ಲ. ಅವಳು ಏಳಿ ಅನ್ನಲಿಲ್ಲ, ನಾನೂ ಏಳಲಿಲ್ಲ.

ಪರೀಕ್ಷೆಯ ದಿನ ನಾಲ್ವರೂ ಹೋದೆವು. ಮಗ ಕೆಲಸ ಬಿಟ್ಟು ಬಂದಿದ್ದ. ಗಾಜಿನ ಬಾಗಿಲಾಚೆ ಅದೇ ಮೇಜು, ಅದೇ ಮೌನಿ ಡಾಕ್ಟರು. ಈ ನಡುವೆ ಏನಾಯಿತೆಂದು ಅವರಿಗೆ ಹೇಳಿರಲಿಲ್ಲವಂತೆ. ಸೊಸೆ ತೋಳು ಮಡಿಸಿಕೊಂಡು ಕೂತಳು. ಅವರು ಗಡಿಯಾರ ಒತ್ತಿದರು, ನಾನೂ ಒತ್ತಿದೆ.

ಜೀವ ಬಿಟ್ಟು ಮಾಡಿದಳು. ಹಲ್ಲು ಕಚ್ಚಿದ್ದು ಕಾಣುತ್ತಿತ್ತು, ಕತ್ತಿನ ನರ ಎದ್ದಿದ್ದು ಕಾಣುತ್ತಿತ್ತು. ಮೊದಲ ನಾಲ್ಕು ಕಡ್ಡಿ ಹಳೆಯ ಪಾಠದ ನೆನಪಿನಲ್ಲಿ ಸರಸರನೆ ಕೂತವು, ಇಪ್ಪತ್ತೆಂಟಕ್ಕೇ ಮುಗಿಸಿಬಿಡುತ್ತಾಳೇನೋ ಅನ್ನಿಸಿತು. ಐದನೆಯದು ತೂತಿನ ಅಂಚಿಗೆ ತಾಗಿ ವಾಲಿತು. ಅವಳು ಬಿಡಲಿಲ್ಲ, ಅದನ್ನೇ ಹಿಡಿದು ತಿರುಗಿಸಿ ಕೂರಿಸಿದಳು. ಏಳನೆಯದು ಬಟ್ಟಲಲ್ಲೇ ಬೆರಳಿಗೆ ಸಿಗದೆ ಹೊರಳಾಡಿತು. ಹಾಕು ಮಗಳೇ, ಬೇಗ ಹಾಕು ಎಂದು ನನ್ನ ಬಾಯಿ ಪಿಟಿಪಿಟಿ ಅನ್ನುತ್ತಿತ್ತು. ನಿಧಾನ ಮಾಡು ಎಂದು ಬೇಡಿದ್ದ ಅದೇ ಬಾಯಿ. ಕೊನೆಯ ಕಡ್ಡಿ ಬಟ್ಟಲಿಗೆ ಬಿದ್ದಾಗ ಗುಂಡಿ ಒತ್ತಿ ನೋಡಿದೆ.

ಅವಳು ಹೊರಗೆ ಬಂದಳು. ಅಂಗಿಯ ಬೆನ್ನು ಬೆವೆತಿತ್ತು.

"ಎಷ್ಟಾಯ್ತು ಅತ್ತೆ?"

"ಮೂವತ್ತೊಂದು."

ಮಗ ಗೋಡೆಯ ಕಡೆ ತಿರುಗಿ ನಿಂತ. ವಕೀಲೆ ನಗಬೇಕೋ ಅಳಬೇಕೋ ತಿಳಿಯದೆ ಅಮ್ಮನ ತೋಳು ಹಿಡಿದಳು.

"ಒಂದು ಕಡ್ಡಿನೂ ಬಿಟ್ಟುಕೊಡಲಿಲ್ಲ," ಅಂದಳು ಸೊಸೆ.

"ಗೊತ್ತು. ನೋಡ್ತಾ ಇದ್ದೆ," ಅಂದೆ. ಫೇಲಾದವರ ಬೆನ್ನು ತಟ್ಟಿ ನನಗೆ ಅಭ್ಯಾಸವಿಲ್ಲ. ಆವತ್ತು ತಟ್ಟಿದೆ, ಬಹಳ ಹೊತ್ತು ತಟ್ಟಿದೆ.

ಹೊಸ ಮಾತ್ರೆ ಶುರುವಾಗಿ ಈಗ ಐದು ವಾರ. ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ಮುಂದಿನ ಸ್ಕ್ಯಾನು ಬರಲಿ. ಅಂಗಡಿ ತೆರೆದೇ ಇದೆ. ಬೆಳಿಗ್ಗೆ ಪಾತ್ರೆ ತೊಳೆದು ಬಂದು ನಾನು ಕನ್ನಡಕ ಹಾಕಿಕೊಂಡು ಅವಳ ಎದುರು ಕೂರುತ್ತೇನೆ. ದಿನಕ್ಕೆ ಬೇಕಾಗುವ ಇಪ್ಪತ್ತು ಸೂಜಿಗೂ ದಾರ ಪೋಣಿಸಿ ಅವಳ ಸೂಜಿದಿಂಬಿಗೆ ಚುಚ್ಚಿಡುವುದು ನನ್ನ ಕೆಲಸ. ನಿನ್ನೆ ಅವಳು ನನ್ನ ಗಡಿಯಾರವನ್ನೇ ಎತ್ತಿಕೊಂಡು ಒತ್ತಿದಳು. ನನಗೂ ವಯಸ್ಸಾಯಿತು, ದಾರ ಎಡಕ್ಕೆ, ಬಲಕ್ಕೆ ಹೋಯಿತು.

"ನಲವತ್ತೆರಡು ಸೆಕೆಂಡು," ಅಂದಳು. "ಫೇಲ್."

"ಇನ್ನೊಂದು ಸೂಜಿ ಕೊಡು," ಅಂದೆ.